ಹಳತಾದಷ್ಟೂ ಅಪಾಯ: ಟಕಾಟಾ ಏರ್‌ಬ್ಯಾಗ್ ರೀಕಾಲ್‌ನ ಇತಿಹಾಸ

2008ರ ನವೆಂಬರ್‌ನಲ್ಲಿ ಹೊಂಡಾ ಕಂಪನಿ ಅಮೆರಿಕದಲ್ಲಿ 2001ರ ಮಾದರಿಯ ಸುಮಾರು 4,000 ಅಕಾರ್ಡ್ ಮತ್ತು ಸಿವಿಕ್ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಸಿತು. ಅಪಘಾತದ ವೇಳೆ ಚಾಲಕನ ಏರ್‌ಬ್ಯಾಗನ್ನು ಉಬ್ಬಿಸಬೇಕಾದ ಲೋಹದ ಡಬ್ಬಿಯೇ ಒಡೆದು, ಅದರ ಚೂರುಗಳು ಚಾಲಕನತ್ತ ಸಿಡಿಯಬಹುದು ಎಂಬುದು ಕೊಟ್ಟ ಕಾರಣ. ಡಬ್ಬಿಯನ್ನು ತಯಾರಿಸಿದ್ದು ಜಪಾನಿನ ಟಕಾಟಾ ಕಂಪನಿ. ಮುಂದಿನ ಹತ್ತು ವರ್ಷಗಳಲ್ಲಿ ಅದೇ ಕಂಪನಿಯ ಡಬ್ಬಿಗಳಿಗಾಗಿ 19 ಕಾರು ತಯಾರಕರು ರೀಕಾಲ್ ಮಾಡಬೇಕಾಯಿತು. ಅಮೆರಿಕ ಒಂದರಲ್ಲೇ ಬದಲಾಯಿಸಬೇಕಾದ ಡಬ್ಬಿಗಳ ಸಂಖ್ಯೆ ಸುಮಾರು 6.7 ಕೋಟಿ, ಜಗತ್ತಿನಾದ್ಯಂತ ಅದು ಸುಮಾರು 10 ಕೋಟಿ. ಮೋಟಾರು ವಾಹನಗಳ ಚರಿತ್ರೆಯಲ್ಲಿ ಇಷ್ಟು ದೊಡ್ಡ ರೀಕಾಲ್ ಹಿಂದೆ ನಡೆದಿರಲಿಲ್ಲ.

ರೀಕಾಲ್ ಕಾನೂನಿನ ಹುಟ್ಟು

ಮಾರಿದ ಕಾರಿನಲ್ಲಿ ದೋಷ ಕಂಡರೆ ಅದನ್ನು ಮಾಲೀಕರಿಗೆ ತಿಳಿಸಬೇಕಾದ ಹೊಣೆ ತಯಾರಕರದು ಎಂಬುದು ಅಮೆರಿಕದಲ್ಲಿ ಕಾನೂನಾದದ್ದು 1966ರಲ್ಲಿ. ಅದಕ್ಕೆ ಹಿಂದಿನ ವರ್ಷ ವಕೀಲ ರಾಲ್ಫ್ ನೇಡರ್ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕ ಹೊರಬಂದಿತ್ತು. ಅಪಘಾತಗಳಿಗೆ ಚಾಲಕನ ತಪ್ಪೊಂದನ್ನೇ ಹೊಣೆ ಮಾಡುತ್ತಿದ್ದ ಕಾಲದಲ್ಲಿ ಆ ಪುಸ್ತಕ ಕಾರಿನ ವಿನ್ಯಾಸವನ್ನೇ ಪ್ರಶ್ನಿಸಿತು. ಸಂಸತ್ತಿನಲ್ಲಿ ವಿಚಾರಣೆಗಳು ನಡೆದವು. 1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಈ ಕಾಯ್ದೆಯನ್ನು ಜಾರಿಗೊಳಿಸುವ ಸಂಸ್ಥೆಗೆ 1970ರಿಂದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ, ಅಂದರೆ ಎನ್‌ಎಚ್‌ಟಿಎಸ್‌ಎ ಎಂಬ ಹೆಸರು ಬಂತು.

ಮೊದಲ ಕಾಯ್ದೆಯಲ್ಲಿ ಮಾಲೀಕರಿಗೆ ಪತ್ರ ಬರೆದು ತಿಳಿಸುವುದಷ್ಟೇ ಕಡ್ಡಾಯವಾಗಿತ್ತು. ದುರಸ್ತಿಯನ್ನು ಪುಕ್ಕಟೆಯಾಗಿ ಮಾಡಿಕೊಡಬೇಕೆಂಬ ನಿಯಮ ಸೇರಿದ್ದು 1974ರ ತಿದ್ದುಪಡಿಯಲ್ಲಿ. 2000ದಲ್ಲಿ ಫೈರ್‌ಸ್ಟೋನ್ ಕಂಪನಿಯ ಟೈರುಗಳ ಮೇಲ್ಪದರ ಕಿತ್ತು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಪಲ್ಟಿಯಾದ ಪ್ರಕರಣಗಳು ಬಯಲಾದವು. 65 ಲಕ್ಷ ಟೈರುಗಳನ್ನು ವಾಪಸ್ ಪಡೆಯಲಾಯಿತು. ಆ ಬಳಿಕ ಬಂದ ಕಾನೂನು, ಸಾವು ನೋವಿನ ದೂರುಗಳ ಮಾಹಿತಿಯನ್ನು ಕಂಪನಿಗಳು ಕಾಲಕಾಲಕ್ಕೆ ಸರ್ಕಾರಕ್ಕೆ ಒಪ್ಪಿಸಬೇಕೆಂದು ವಿಧಿಸಿತು. ಪುಕ್ಕಟೆ ದುರಸ್ತಿಗೆ ಕಾರಿನ ವಯಸ್ಸಿನ ಮಿತಿ ಎಂಟು ವರ್ಷವಿದ್ದದ್ದು ಹತ್ತಕ್ಕೆ ಏರಿತು.

ಈ ಇಡೀ ವ್ಯವಸ್ಥೆಯ ಹಿಂದೆ ಒಂದು ನಂಬಿಕೆಯಿತ್ತು. ದೋಷ ಕಾರ್ಖಾನೆಯಿಂದಲೇ ಬರುತ್ತದೆ, ಕಾರು ರಸ್ತೆಗಿಳಿದ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ, ಯಾವ ದಿನ ಯಾವ ಯಂತ್ರದಲ್ಲಿ ತಯಾರಾದ ಭಾಗವೆಂದು ಪತ್ತೆಹಚ್ಚಿದರೆ ಕೆಟ್ಟದ್ದನ್ನು ಒಳ್ಳೆಯದರಿಂದ ಬೇರ್ಪಡಿಸಬಹುದು ಎಂಬುದೇ ಆ ನಂಬಿಕೆ. ಟಕಾಟಾ ಪ್ರಕರಣದಲ್ಲಿ ಈ ಮೂರೂ ಹುಸಿಯಾದವು.

ನೇಯ್ಗೆಯಿಂದ ಏರ್‌ಬ್ಯಾಗಿಗೆ

ಟಕಾಟಾ ಕಂಪನಿಯನ್ನು ಟಕೆಜೊ ಟಕಾಡ ಎಂಬುವರು 1933ರಲ್ಲಿ ಜಪಾನಿನ ಶಿಗಾ ಪ್ರಾಂತ್ಯದಲ್ಲಿ ಜವಳಿ ಉದ್ಯಮವಾಗಿ ಆರಂಭಿಸಿದರು. ಪ್ಯಾರಾಚೂಟ್‌ಗಳ ಹಗ್ಗ ಅಲ್ಲಿ ತಯಾರಾಗುತ್ತಿತ್ತು. ಗಟ್ಟಿ ಪಟ್ಟಿ ನೇಯುವ ಆ ಕಸುಬೇ 1960ರಲ್ಲಿ ಕಾರುಗಳ ಸೀಟ್ ಬೆಲ್ಟ್ ತಯಾರಿಕೆಗೆ ದಾರಿಯಾಯಿತು. 1980ರ ದಶಕದ ಕೊನೆಯಲ್ಲಿ ಕಂಪನಿ ಏರ್‌ಬ್ಯಾಗ್ ಉದ್ಯಮಕ್ಕೂ ಕೈಹಾಕಿತು. ಹೊಂಡಾದ ಏರ್‌ಬ್ಯಾಗ್ ಎಂಜಿನಿಯರ್ ಆಗಿದ್ದ ಸಬುರೊ ಕೊಬಯಾಶಿ ತಮ್ಮ ನೆನಪಿನ ಪುಸ್ತಕದಲ್ಲಿ, ಸ್ಥಾಪಕರ ಮಗ ಜೂಇಚಿರೊ ಟಕಾಡ ಆರಂಭದಲ್ಲಿ ಇದಕ್ಕೆ ಹಿಂಜರಿದಿದ್ದರೆಂದು ಬರೆದಿದ್ದಾರೆ. ಏರ್‌ಬ್ಯಾಗಿನಲ್ಲಿ ಏನಾದರೂ ಎಡವಟ್ಟಾದರೆ ಕಂಪನಿ ಮುಳುಗಿಹೋಗುತ್ತದೆ ಎಂಬುದು ಅವರ ಅಳುಕಾಗಿತ್ತು.

ಆದರೆ ಮಾರುಕಟ್ಟೆ ಬೆಳೆಯುತ್ತಿತ್ತು. ಅಮೆರಿಕದ ಸಂಸತ್ತು 1991ರಲ್ಲಿ ಮಾಡಿದ ಕಾನೂನಿನಂತೆ 1998ರ ಮಾದರಿಯಿಂದ ಎಲ್ಲ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ವರ್ಷಕ್ಕೆ ಕೋಟಿಗಟ್ಟಲೆ ಏರ್‌ಬ್ಯಾಗುಗಳ ಬೇಡಿಕೆ ಹುಟ್ಟಿತು. ಕಾರು ಕಂಪನಿಗಳು ಬೆಲೆ ಇಳಿಸುವಂತೆ ಸರಬರಾಜುದಾರರ ಮೇಲೆ ಒತ್ತಡ ಹೇರಿದವು. ಟಕಾಟಾ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್ ಮತ್ತು ಮೆಕ್ಸಿಕೋದ ಮೊಂಕ್ಲೋವಾಗಳಲ್ಲಿ ಕಾರ್ಖಾನೆ ತೆರೆದು ಜಗತ್ತಿನ ದೊಡ್ಡ ಏರ್‌ಬ್ಯಾಗ್ ತಯಾರಕರ ಸಾಲಿಗೆ ಸೇರಿತು.

ಅಗ್ಗದ ರಾಸಾಯನಿಕ

ಏರ್‌ಬ್ಯಾಗಿನೊಳಗೆ ಗಾಳಿಯನ್ನು ಮೊದಲೇ ತುಂಬಿಟ್ಟಿರುವುದಿಲ್ಲ. ಮಡಚಿಟ್ಟ ನೈಲಾನ್ ಚೀಲದ ಹಿಂದೆ ಇನ್‌ಫ್ಲೇಟರ್ ಎಂಬ ಗಟ್ಟಿ ಉಕ್ಕಿನ ಡಬ್ಬಿ ಇರುತ್ತದೆ. ಅದರೊಳಗೆ ಬಿಲ್ಲೆ ಅಥವಾ ಮಾತ್ರೆಯ ರೂಪದಲ್ಲಿ ಒತ್ತಿದ ರಾಸಾಯನಿಕ ಇರುತ್ತದೆ. ಡಿಕ್ಕಿಯನ್ನು ಸೆನ್ಸರ್ ಗುರುತಿಸಿದ ಕೂಡಲೇ ವಿದ್ಯುತ್ ಕಿಡಿ ತಗುಲಿ ಆ ರಾಸಾಯನಿಕ ಉರಿದು ಅನಿಲವಾಗುತ್ತದೆ. ಅನಿಲ ಡಬ್ಬಿಯ ರಂಧ್ರಗಳಿಂದ ನುಗ್ಗಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಚೀಲವನ್ನು ಉಬ್ಬಿಸುತ್ತದೆ. ರಾಸಾಯನಿಕ ಎಷ್ಟು ವೇಗವಾಗಿ ಉರಿಯಬೇಕೆಂಬ ಲೆಕ್ಕ ಬಹಳ ಕರಾರುವಾಕ್ಕಾಗಿರಬೇಕು. ನಿಧಾನವಾದರೆ ಚೀಲ ಹೊತ್ತಿಗೆ ಒದಗುವುದಿಲ್ಲ. ವೇಗ ಹೆಚ್ಚಾದರೆ ಒಳಗಿನ ಒತ್ತಡವನ್ನು ಉಕ್ಕು ತಾಳುವುದಿಲ್ಲ.

ಮೊದಲ ಏರ್‌ಬ್ಯಾಗುಗಳಲ್ಲಿ ಬಳಸುತ್ತಿದ್ದ ಸೋಡಿಯಂ ಅಜೈಡ್ ವಿಷಕಾರಿಯಾದ್ದರಿಂದ ಉದ್ಯಮ ಬೇರೆ ದಾರಿ ಹುಡುಕಿತು. ಟಕಾಟಾ 1990ರ ದಶಕದಲ್ಲಿ ಟೆಟ್ರಜೋಲ್ ಎಂಬ ರಾಸಾಯನಿಕಕ್ಕೆ ಹೊರಳಿತು. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಆದರೆ ದುಬಾರಿ. 2000ದ ಹೊತ್ತಿಗೆ ಕಂಪನಿ ಅಮೋನಿಯಂ ನೈಟ್ರೇಟ್ ಬಳಸತೊಡಗಿತು. ಹೊಲಕ್ಕೆ ಗೊಬ್ಬರವಾಗಿಯೂ ಕಲ್ಲುಗಣಿಯಲ್ಲಿ ಸ್ಫೋಟಕವಾಗಿಯೂ ಬಳಕೆಯಾಗುವ ಈ ರಾಸಾಯನಿಕ ಹೇರಳವಾಗಿ, ಅಗ್ಗವಾಗಿ ಸಿಗುತ್ತದೆ. ಪ್ರತಿಸ್ಪರ್ಧಿ ಆಟೊಲಿವ್ ಕಂಪನಿಯ ವಿಜ್ಞಾನಿಗಳು ಟಕಾಟಾ ಇನ್‌ಫ್ಲೇಟರನ್ನು ಪರೀಕ್ಷಿಸಿ, ಅದು ಸುರಕ್ಷಿತವಲ್ಲವೆಂದು 1990ರ ದಶಕದ ಕೊನೆಯಲ್ಲೇ ಎಚ್ಚರಿಸಿದ್ದರೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2016ರಲ್ಲಿ ವರದಿ ಮಾಡಿತು. ಅದೇ ವರದಿಯ ಪ್ರಕಾರ ಟಕಾಟಾ ಡಬ್ಬಿಯ ಬೆಲೆ ಆಟೊಲಿವ್‌ಗಿಂತ ಶೇಕಡ 30ರಷ್ಟು ಕಡಿಮೆಯಿತ್ತು.

ಅಮೋನಿಯಂ ನೈಟ್ರೇಟಿಗೆ ಎರಡು ಕೆಟ್ಟ ಗುಣಗಳಿವೆ. ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಹರಳಿನ ರಚನೆ ಬದಲಾಗಿ ಗಾತ್ರವೂ ಬದಲಾಗುತ್ತದೆ; ತಣಿದಾಗ ಮತ್ತೆ ಹಿಂದಿನ ಸ್ಥಿತಿಗೆ ಬರುತ್ತದೆ. ಇದನ್ನು ತಡೆಯಲು ಟಕಾಟಾ ಬೇರೆ ಲವಣ ಬೆರೆಸಿ ಅದನ್ನು ಸ್ಥಿರಗೊಳಿಸಿತ್ತು. ಎರಡನೆಯದು, ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಅದು ಗಾಳಿಯ ತೇವವನ್ನು ಹೀರುತ್ತದೆ. ಡಬ್ಬಿಯೊಳಗೆ ತೇವ ಹೀರುವ ಪುಡಿಯನ್ನು ಇಟ್ಟಿದ್ದರೆ ಈ ತೊಂದರೆ ತಗ್ಗುತ್ತಿತ್ತು. ಆರಂಭದ ವರ್ಷಗಳ ಡಬ್ಬಿಗಳಲ್ಲಿ ಅಂಥ ಪುಡಿ ಇರಲಿಲ್ಲ. ಬಿಸಿಲಿನಲ್ಲಿ ನಿಂತ ಕಾರು ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಒಳಸೇರಿದ ತೇವದಿಂದ ಬಿಲ್ಲೆಗಳು ಉಬ್ಬಿ ಸಡಿಲವಾಗುತ್ತವೆ, ಒಳಗೆ ಸೂಕ್ಷ್ಮ ರಂಧ್ರಗಳು ಹುಟ್ಟುತ್ತವೆ. ಅಂಥ ಬಿಲ್ಲೆಗೆ ಬೆಂಕಿ ತಗುಲಿದರೆ ಉರಿಯುವ ಮೇಲ್ಮೈ ಹೆಚ್ಚಾಗಿ, ಅದು ಲೆಕ್ಕಕ್ಕಿಂತ ಹಲವು ಪಟ್ಟು ವೇಗವಾಗಿ ಉರಿಯುತ್ತದೆ. ಉಕ್ಕಿನ ಡಬ್ಬಿ ಸಿಡಿದು, ಚೂರುಗಳು ಚೀಲವನ್ನು ಸೀಳಿಕೊಂಡು ಕತ್ತು ಮತ್ತು ಮುಖಕ್ಕೆ ಬಡಿಯುತ್ತವೆ.

ಕಂತುಕಂತಾಗಿ ಬಂದ ರೀಕಾಲ್

2004ರಲ್ಲೇ ಅಲಬಾಮಾದಲ್ಲಿ 2002ರ ಮಾದರಿಯ ಹೊಂಡಾ ಅಕಾರ್ಡ್ ಒಂದರ ಡಬ್ಬಿ ಸಿಡಿದು ಚಾಲಕ ಗಾಯಗೊಂಡಿದ್ದ. ಎಲ್ಲೋ ಒಂದು ಬಿಡಿ ಘಟನೆಯೆಂದು ಅದನ್ನು ಬಿಡಲಾಯಿತು. ನಾಲ್ಕು ವರ್ಷದ ನಂತರ ಮೊದಲ ರೀಕಾಲ್ ಬಂತು. 2009ರ ಮೇ ತಿಂಗಳಲ್ಲಿ ಒಕ್ಲಹೋಮಾ ರಾಜ್ಯದ ಮಿಡ್‌ವೆಸ್ಟ್ ಸಿಟಿಯಲ್ಲಿ 18 ವರ್ಷದ ಯುವತಿಯೊಬ್ಬಳು 2001ರ ಮಾದರಿಯ ಅಕಾರ್ಡ್ ಓಡಿಸುತ್ತಿದ್ದಾಗ ಸಣ್ಣ ಡಿಕ್ಕಿಯಾಯಿತು. ಬದುಕಿ ಉಳಿಯಬಹುದಾಗಿದ್ದ ಆ ಅಪಘಾತದಲ್ಲಿ ಡಬ್ಬಿಯ ಚೂರು ಕತ್ತಿಗೆ ನೆಟ್ಟು ಆಕೆ ಸತ್ತಳು. ಆ ಕಾರು ಹಿಂದಿನ ವರ್ಷದ 4,000ದ ಪಟ್ಟಿಯಲ್ಲಿ ಇರಲಿಲ್ಲ. ಹೊಂಡಾ ಪಟ್ಟಿಯನ್ನು ಸುಮಾರು 4.4 ಲಕ್ಷಕ್ಕೆ ಹಿಗ್ಗಿಸಿತು. ಅದೇ ಡಿಸೆಂಬರ್ 24ರಂದು ವರ್ಜೀನಿಯಾದಲ್ಲಿ ಇನ್ನೊಬ್ಬ ಮಹಿಳೆ ಅದೇ ರೀತಿ ಸತ್ತರು. 2010ರ ಆರಂಭದಲ್ಲಿ ಹೊಂಡಾ ಮತ್ತೆ ಸುಮಾರು 3.8 ಲಕ್ಷ ಕಾರುಗಳನ್ನು ಸೇರಿಸಿತು.

ಎನ್‌ಎಚ್‌ಟಿಎಸ್‌ಎ 2009ರ ನವೆಂಬರ್‌ನಲ್ಲಿ ತನಿಖೆ ಆರಂಭಿಸಿ, ಮುಂದುವರಿಸಲು ಸಾಕಷ್ಟು ಆಧಾರವಿಲ್ಲವೆಂದು 2010ರ ಮೇ ತಿಂಗಳಲ್ಲಿ ಮುಗಿಸಿಬಿಟ್ಟಿತು. ಟಕಾಟಾ ಒಂದೊಂದು ಬಾರಿಯೂ ಕಾರ್ಖಾನೆಯ ಒಂದೊಂದು ತಪ್ಪನ್ನು ಮುಂದಿಟ್ಟಿತು. ಮೋಸೆಸ್ ಲೇಕ್‌ನ ಒಂದು ಯಂತ್ರ ಬಿಲ್ಲೆಗಳನ್ನು ಸಾಕಷ್ಟು ಗಟ್ಟಿಯಾಗಿ ಒತ್ತಿರಲಿಲ್ಲ, ಕಳಪೆ ಬಿಲ್ಲೆಯನ್ನು ತಾನಾಗಿ ಹೊರಹಾಕುವ ವ್ಯವಸ್ಥೆಯನ್ನು ಕೈಯಿಂದ ಬಂದ್ ಮಾಡಲು ಅವಕಾಶವಿತ್ತು, ಮೊಂಕ್ಲೋವಾದಲ್ಲಿ ಬಿಲ್ಲೆಗಳನ್ನು ತೇವ ತಾಗುವಂತೆ ಇಡಲಾಗಿತ್ತು ಎಂಬವು ಆ ಕಾರಣಗಳು. ಈ ತಪ್ಪುಗಳು ನಡೆದದ್ದು ನಿಜ. ಆದರೆ ಅವುಗಳಿಗೆ ತಗುಲಿದ ತಯಾರಿಕಾ ದಿನಾಂಕಗಳ ಆಚೆಗೂ ಡಬ್ಬಿಗಳು ಸಿಡಿಯುತ್ತಲೇ ಇದ್ದವು. 2013ರ ಏಪ್ರಿಲ್‌ನಲ್ಲಿ ಟೊಯೊಟಾ, ಹೊಂಡಾ, ನಿಸಾನ್ ಮತ್ತು ಮಜ್ದಾ ಒಟ್ಟಿಗೇ ಜಗತ್ತಿನಾದ್ಯಂತ 34 ಲಕ್ಷ ಕಾರುಗಳನ್ನು ವಾಪಸ್ ಕರೆಸಿದವು. ಒಂದು ಕಂಪನಿಯ ಕಾರಿನ ತೊಂದರೆ ಅಷ್ಟು ಹೊತ್ತಿಗೆ ಇಡೀ ಉದ್ಯಮದ ತೊಂದರೆಯಾಗಿತ್ತು.

2014

ಆಮೇಲೆ ಸಿಡಿದ ಪ್ರಕರಣಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಒಂದು ಸಂಗತಿ ಎದ್ದುಕಂಡಿತು. ಹೆಚ್ಚಿನವು ಫ್ಲಾರಿಡಾ, ಪೋರ್ಟೊ ರಿಕೊದಂಥ ಸೆಖೆಯ ಪ್ರದೇಶಗಳಲ್ಲಿ ನಡೆದಿದ್ದವು. 2014ರ ಜೂನ್‌ನಲ್ಲಿ ಸರ್ಕಾರ ಹೊಸ ತನಿಖೆ ತೆರೆಯಿತು. ಕಾರು ಕಂಪನಿಗಳು ಫ್ಲಾರಿಡಾ, ಪೋರ್ಟೊ ರಿಕೊ, ಹವಾಯಿ, ವರ್ಜಿನ್ ದ್ವೀಪಗಳಿಗಷ್ಟೇ ಸೀಮಿತವಾದ ಪ್ರಾದೇಶಿಕ ರೀಕಾಲ್ ಪ್ರಕಟಿಸಿದವು. ಒಣ ಹವೆಯ ರಾಜ್ಯಗಳ ಮಾಲೀಕರಿಗೆ ಪತ್ರವೇ ಹೋಗಲಿಲ್ಲ.

ಅದೇ ಜುಲೈನಲ್ಲಿ ಮಲೇಷ್ಯಾದ ಸರವಾಕ್ ರಾಜ್ಯದ ಸಿಬು ಎಂಬಲ್ಲಿ ಹೊಂಡಾ ಸಿಟಿ ಓಡಿಸುತ್ತಿದ್ದ ಗರ್ಭಿಣಿಯೊಬ್ಬರು ಡಬ್ಬಿಯ ಚೂರಿಗೆ ಬಲಿಯಾದರು. ಅಮೆರಿಕದ ಹೊರಗೆ ಬೆಳಕಿಗೆ ಬಂದ ಮೊದಲ ಸಾವು ಅದು. ಸೆಪ್ಟೆಂಬರ್ ಕೊನೆಯಲ್ಲಿ ಫ್ಲಾರಿಡಾದ ಆರ್ಲಾಂಡೊದಲ್ಲಿ ಅಪಘಾತಕ್ಕೀಡಾದ ಮಹಿಳೆಯ ಕತ್ತಿನ ಗಾಯಗಳನ್ನು ಕಂಡ ಪೊಲೀಸರು ಚೂರಿ ಇರಿತವೆಂದು ಶಂಕಿಸಿ ತನಿಖೆಗೆ ಹೊರಟಿದ್ದರು. ಕೆಲವು ದಿನಗಳಲ್ಲಿ ಆಕೆ ತೀರಿಕೊಂಡರು. ಕಾರನ್ನು ದುರಸ್ತಿಗೆ ತರಬೇಕೆಂದು ಹೊಂಡಾ ಬರೆದ ಪತ್ರ ಆಕೆಯ ಮನೆ ತಲುಪಿದ್ದು ಅದಾದ ಮೇಲೆ.

ಪತ್ರಿಕಾ ವರದಿಗಳ ಒತ್ತಡದಿಂದ ವಿಷಯ ಸಂಸತ್ತಿಗೆ ಬಂತು. 2014ರ ನವೆಂಬರ್ 20ರಂದು ಟಕಾಟಾದ ಗುಣಮಟ್ಟ ವಿಭಾಗದ ಹಿರಿಯ ಅಧಿಕಾರಿ ಹಿರೋಶಿ ಶಿಮಿಜು ಸೆನೆಟ್ ಸಮಿತಿಯ ಮುಂದೆ ಹಾಜರಾದರು. ಚಾಲಕನ ಬದಿಯ ಡಬ್ಬಿಗಳನ್ನು ದೇಶದಾದ್ಯಂತ ವಾಪಸ್ ಪಡೆಯಬೇಕೆಂದು ಸರ್ಕಾರ ಸೂಚಿಸಿದಾಗ, ಡಿಸೆಂಬರ್‌ನಲ್ಲಿ ಟಕಾಟಾ ಅದನ್ನು ಒಪ್ಪಲಿಲ್ಲ. ಬಿಡಿಭಾಗ ಸರಬರಾಜುದಾರನಿಗೆ ಹಾಗೆ ಆದೇಶಿಸುವ ಅಧಿಕಾರವನ್ನೇ ಪ್ರಶ್ನಿಸಿತು. ಹೊಂಡಾ ಮಾತ್ರ ತಾನಾಗಿಯೇ ದೇಶವ್ಯಾಪಿ ರೀಕಾಲ್‌ಗೆ ಮುಂದಾಯಿತು.

2015ರ ಫೆಬ್ರವರಿಯಲ್ಲಿ, ತನಿಖೆಗೆ ಸರಿಯಾಗಿ ಸಹಕರಿಸುತ್ತಿಲ್ಲವೆಂದು ಟಕಾಟಾ ಮೇಲೆ ದಿನಕ್ಕೆ 14,000 ಡಾಲರ್ ದಂಡ ಬಿತ್ತು. ಮೇ 19ರಂದು ಕಂಪನಿ ಮಣಿದು ತನ್ನ ಡಬ್ಬಿಗಳು ದೋಷಪೂರಿತವೆಂದು ಒಪ್ಪಿಕೊಂಡಿತು. ರೀಕಾಲ್ ವ್ಯಾಪ್ತಿ ಒಮ್ಮೆಗೇ ಸುಮಾರು 3.4 ಕೋಟಿ ವಾಹನಗಳಿಗೆ ಏರಿತು. ನವೆಂಬರ್ 3ರ ಒಪ್ಪಂದದಲ್ಲಿ ಗರಿಷ್ಠ 20 ಕೋಟಿ ಡಾಲರ್ ದಂಡ ನಿಗದಿಯಾಯಿತು. ಅದರಲ್ಲಿ 7 ಕೋಟಿಯನ್ನು ನಗದಾಗಿ ಕಟ್ಟಬೇಕಿತ್ತು. ಅಮೋನಿಯಂ ನೈಟ್ರೇಟ್ ಡಬ್ಬಿಗಳ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಬೇಕೆಂಬುದೂ ಷರತ್ತಾಗಿತ್ತು. ಇನ್ನು ಮುಂದೆ ತನ್ನ ಹೊಸ ಕಾರುಗಳಿಗೆ ಟಕಾಟಾ ಇನ್‌ಫ್ಲೇಟರ್ ಬಳಸುವುದಿಲ್ಲವೆಂದು ಟಕಾಟಾದ ಅತಿ ದೊಡ್ಡ ಗಿರಾಕಿ ಹೊಂಡಾ ಘೋಷಿಸಿತು.

ಕಾರಣ ಸ್ಪಷ್ಟವಾಯಿತು

2016ರ ಫೆಬ್ರವರಿಯಲ್ಲಿ, ಹತ್ತು ಕಾರು ಕಂಪನಿಗಳು ಸೇರಿ ರಚಿಸಿದ್ದ ಸ್ವತಂತ್ರ ಪರೀಕ್ಷಾ ತಂಡ ತನ್ನ ತೀರ್ಮಾನ ಮುಂದಿಟ್ಟಿತು. ತೇವ ಹೀರುವ ಪುಡಿಯಿಲ್ಲದ ಅಮೋನಿಯಂ ನೈಟ್ರೇಟ್, ತೇವ ಒಳನುಗ್ಗಲು ಅವಕಾಶ ಕೊಡುವ ಡಬ್ಬಿಯ ರಚನೆ, ಹಲವು ವರ್ಷಗಳ ಸೆಖೆ ಮತ್ತು ಉಷ್ಣಾಂಶದ ಏರಿಳಿತ, ಈ ಮೂರೂ ಒಂದಾದರೆ ಡಬ್ಬಿ ಸಿಡಿಯುತ್ತದೆ. ಅಂದರೆ ಕಾರ್ಖಾನೆಯಲ್ಲಿ ಯಾವ ತಪ್ಪೂ ನಡೆಯದೆ, ನಕ್ಷೆಯಂತೆಯೇ ತಯಾರಾದ ಡಬ್ಬಿಯೂ ವಯಸ್ಸಾದಂತೆ ಅಪಾಯಕಾರಿಯಾಗುತ್ತಿತ್ತು. ಬ್ಯಾಚ್ ನಂಬರ್ ಹಿಡಿದು ಕೆಟ್ಟದ್ದನ್ನು ಆಯುವ ಹಳೆಯ ಕ್ರಮ ಇಲ್ಲಿ ಏಕೆ ಫಲಿಸಲಿಲ್ಲ ಎಂಬುದಕ್ಕೆ ಅಲ್ಲಿಗೆ ಉತ್ತರ ದೊರೆಯಿತು.

ಆ ವರ್ಷದ ಮೇ ತಿಂಗಳಲ್ಲಿ ಇನ್ನೂ 3.5ರಿಂದ 4 ಕೋಟಿ ಡಬ್ಬಿಗಳು ಪಟ್ಟಿಗೆ ಸೇರಿದವು. ದೇಶವನ್ನು ಸೆಖೆಯ ಪ್ರಮಾಣಕ್ಕೆ ಅನುಗುಣವಾಗಿ ಮೂರು ವಲಯಗಳಾಗಿ ವಿಂಗಡಿಸಿ, ವಲಯ ಮತ್ತು ಕಾರಿನ ವಯಸ್ಸು ನೋಡಿ ದುರಸ್ತಿಗೆ ಸರದಿ ನಿಗದಿ ಮಾಡಲಾಯಿತು. ಎಲ್ಲಕ್ಕಿಂತ ಅಪಾಯಕಾರಿಯೆಂದು ಗುರುತಿಸಲ್ಪಟ್ಟವು 2001ರಿಂದ 2003ರ ನಡುವಿನ ಹೊಂಡಾ ಮತ್ತು ಅಕ್ಯುರಾ ಕಾರುಗಳು. ಅವುಗಳಲ್ಲಿ ದುರಸ್ತಿಯಾಗದೆ ಉಳಿದಿದ್ದ 3,13,000 ಕಾರುಗಳಲ್ಲಿ ಏರ್‌ಬ್ಯಾಗ್ ತೆರೆದರೆ ಡಬ್ಬಿ ಸಿಡಿಯುವ ಸಂಭವ ಶೇಕಡ 50ರವರೆಗೂ ಇದೆಯೆಂದು ಪರೀಕ್ಷೆಗಳು ತೋರಿಸಿದವು. 2016ರ ಜೂನ್ 30ರಂದು ಸರ್ಕಾರ ಆ ಕಾರುಗಳನ್ನು ದುರಸ್ತಿ ಅಂಗಡಿಗೆ ಒಯ್ಯುವುದಕ್ಕಲ್ಲದೆ ಬೇರೆ ಯಾತಕ್ಕೂ ಓಡಿಸಬೇಡಿ ಎಂದು ಎಚ್ಚರಿಸಿತು.

ನ್ಯಾಯಾಲಯ ಮತ್ತು ದಿವಾಳಿ

ಅಮೆರಿಕದ ನ್ಯಾಯ ಇಲಾಖೆಯ ತನಿಖೆಯಲ್ಲಿ ಹೊರಬಿದ್ದದ್ದು ರಾಸಾಯನಿಕದ ದೋಷಕ್ಕಿಂತ ಗಂಭೀರವಾದ ಸಂಗತಿ. ಡಬ್ಬಿಗಳು ಪರೀಕ್ಷೆಗಳಲ್ಲಿ ವಿಫಲವಾಗುತ್ತಿದ್ದುದು ಕಂಪನಿಯೊಳಗೆ ಗೊತ್ತಿತ್ತು. ಆದರೂ ಸುಮಾರು 2000ದಿಂದಲೇ ಕಾರು ತಯಾರಕರಿಗೆ ತಿದ್ದಿದ ಪರೀಕ್ಷಾ ವರದಿಗಳನ್ನು ಕಳುಹಿಸಲಾಗುತ್ತಿತ್ತು. 2017ರ ಜನವರಿ 13ರಂದು ಟಕಾಟಾ ವಂಚನೆಯ ಅಪರಾಧವನ್ನು ಒಪ್ಪಿಕೊಂಡು 100 ಕೋಟಿ ಡಾಲರ್ ಕೊಡಲು ಸಮ್ಮತಿಸಿತು. ಇದರಲ್ಲಿ 85 ಕೋಟಿ ಕಾರು ಕಂಪನಿಗಳಿಗೆ, 12.5 ಕೋಟಿ ಗಾಯಾಳುಗಳು ಮತ್ತು ಸತ್ತವರ ಕುಟುಂಬಗಳಿಗೆ, 2.5 ಕೋಟಿ ದಂಡವಾಗಿ ಸರ್ಕಾರಕ್ಕೆ ಹಂಚಿಕೆಯಾಯಿತು. ಕಂಪನಿಯ ಮೂವರು ಮಾಜಿ ಅಧಿಕಾರಿಗಳ ಮೇಲೂ ಆರೋಪ ಪಟ್ಟಿ ಸಲ್ಲಿಕೆಯಾಯಿತು.

ರೀಕಾಲ್‌ನ ವೆಚ್ಚವನ್ನು ಹೊರುವ ಶಕ್ತಿ ಕಂಪನಿಗಿರಲಿಲ್ಲ. 2017ರ ಜೂನ್ 26ರಂದು, ಸ್ಥಾಪಕರ ಮೊಮ್ಮಗ ಶಿಗೆಹಿಸಾ ಟಕಾಡ ನೇತೃತ್ವದಲ್ಲಿದ್ದ ಟಕಾಟಾ ಜಪಾನ್ ಮತ್ತು ಅಮೆರಿಕ ಎರಡೂ ಕಡೆ ದಿವಾಳಿ ಅರ್ಜಿ ಸಲ್ಲಿಸಿತು. ಯುದ್ಧಾನಂತರದ ಜಪಾನಿನಲ್ಲಿ ತಯಾರಿಕಾ ಕಂಪನಿಯೊಂದರ ಅತಿ ದೊಡ್ಡ ದಿವಾಳಿ ಇದು. ಅಮೋನಿಯಂ ನೈಟ್ರೇಟ್ ವ್ಯವಹಾರವೊಂದನ್ನು ಬಿಟ್ಟು ಉಳಿದ ಆಸ್ತಿಯನ್ನು ಚೀನಾದ ನಿಂಗ್‌ಬೋ ಜಾಯ್ಸನ್ ಒಡೆತನದ, ಮಿಷಿಗನ್ ಮೂಲದ ಕೀ ಸೇಫ್ಟಿ ಸಿಸ್ಟಮ್ಸ್ ಸುಮಾರು 160 ಕೋಟಿ ಡಾಲರಿಗೆ ಕೊಂಡುಕೊಂಡಿತು. 2018ರ ಏಪ್ರಿಲ್‌ನಲ್ಲಿ ಆ ವ್ಯವಹಾರ ಮುಗಿದಾಗ ಟಕಾಟಾ ಎಂಬ ಹೆಸರು ಉದ್ಯಮದಿಂದ ಮರೆಯಾಯಿತು.

ದುರಸ್ತಿಯ ಕಷ್ಟ

ಕೆಲಸವಾಗಿ ನೋಡಿದರೆ ದುರಸ್ತಿ ಸುಲಭ. ಮೆಕ್ಯಾನಿಕ್ ಬ್ಯಾಟರಿಯ ಸಂಪರ್ಕ ತೆಗೆದು, ಉಳಿದ ವಿದ್ಯುತ್ ಇಳಿಯಲು ಸ್ವಲ್ಪ ಹೊತ್ತು ಕಾದು, ಸ್ಟೀರಿಂಗಿನಿಂದ ಅಥವಾ ಡ್ಯಾಶ್‌ಬೋರ್ಡಿನಿಂದ ಏರ್‌ಬ್ಯಾಗ್ ಬಿಚ್ಚಿ ಹೊಸ ಇನ್‌ಫ್ಲೇಟರ್ ಕೂರಿಸುತ್ತಾನೆ. ಕಷ್ಟ ಎದುರಾದದ್ದು ಬೇರೆ ಮೂರು ಕಡೆ.

ಮೊದಲನೆಯದು ಬಿಡಿಭಾಗದ ಕೊರತೆ. ಕೋಟಿಗಟ್ಟಲೆ ಇನ್‌ಫ್ಲೇಟರ್‌ಗಳನ್ನು ಒಮ್ಮೆಗೇ ಒದಗಿಸುವ ಸಾಮರ್ಥ್ಯ ಯಾರಿಗೂ ಇರಲಿಲ್ಲ. ಆಟೊಲಿವ್, ಡೈಸೆಲ್, ಟಿಆರ್‌ಡಬ್ಲ್ಯು ಕಂಪನಿಗಳು ಹೊಸ ತಯಾರಿಕಾ ಸಾಲುಗಳನ್ನು ತೆರೆಯಬೇಕಾಯಿತು. ಅದುವರೆಗೆ ಎಷ್ಟೋ ಕಾರುಗಳಿಗೆ ಹಳೆಯ ಟಕಾಟಾ ಡಬ್ಬಿ ತೆಗೆದು ಹೊಸ ಟಕಾಟಾ ಡಬ್ಬಿಯನ್ನೇ ಹಾಕಲಾಯಿತು. ಹೊಸ ಡಬ್ಬಿ ಹಳತಾಗಲು ಕೆಲವು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಬೇರೆ ಕಂಪನಿಯ ಭಾಗ ಸಿಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಹಾಗಾಗಿ ಒಂದೇ ಕಾರು ಎರಡೆರಡು ಸಲ ರೀಕಾಲ್ ಆಯಿತು.

ಎರಡನೆಯದು ಸಾಗಣೆ. ಈ ಸರಕು ಸ್ಫೋಟಕ. 2016ರ ಆಗಸ್ಟ್‌ನಲ್ಲಿ ಟಕಾಟಾದ ಸರಕು ಹೊತ್ತ ಲಾರಿ ಟೆಕ್ಸಸ್‌ನ ಕೆಮಾಡೊ ಎಂಬ ಊರಿನಲ್ಲಿ ಸ್ಫೋಟಿಸಿ, ಪಕ್ಕದ ಮನೆಯಲ್ಲಿದ್ದ ಮಹಿಳೆ ಸತ್ತರು.

ಮೂರನೆಯದು ಎಲ್ಲಕ್ಕಿಂತ ಕಠಿಣ: ಕಾರಿನ ಈಗಿನ ಒಡೆಯನನ್ನು ಹುಡುಕುವುದು. ಹತ್ತು ಹದಿನೈದು ವರ್ಷದ ಕಾರು ಎರಡು ಮೂರು ಕೈ ಬದಲಾಗಿರುತ್ತದೆ. ವಿಳಾಸ ಬದಲಾಗಿರುತ್ತದೆ, ಅಧಿಕೃತ ಸರ್ವಿಸ್ ಸೆಂಟರಿನ ಮುಖ ನೋಡಿಯೇ ಎಷ್ಟೋ ಕಾಲವಾಗಿರುತ್ತದೆ. ಹಳೆಯ ಕಾರು ಕೊಳ್ಳುವವರಲ್ಲಿ ಹೆಚ್ಚಿನವರು ಕಡಿಮೆ ಆದಾಯದವರು, ಕೆಲಸ ಬಿಟ್ಟು ಅರ್ಧ ದಿನ ಗ್ಯಾರೇಜಿನಲ್ಲಿ ಕಾಯಲಾರದವರು. ಪತ್ರ, ಫೋನ್, ಜಾಹೀರಾತು ಸಾಲದೆ ಹೊಂಡಾ ಮನೆಮನೆಗೆ ಜನರನ್ನು ಕಳುಹಿಸಿತು. ಗುಜರಿ ಕಾರುಗಳ ಏರ್‌ಬ್ಯಾಗುಗಳು ಮತ್ತೆ ರಸ್ತೆ ಸೇರದಂತೆ ಅವನ್ನು ಹಣ ಕೊಟ್ಟು ಕೊಂಡಿತು. ಅದರ ಅಗತ್ಯ ಎಷ್ಟಿತ್ತೆಂಬುದು 2017ರಲ್ಲಿ ಲಾಸ್ ವೇಗಸ್‌ನಲ್ಲಿ ಕಂಡಿತು. ಅಲ್ಲಿ ಸಿಡಿದು ಯುವತಿಯೊಬ್ಬಳನ್ನು ಗಾಯಗೊಳಿಸಿದ ಡಬ್ಬಿ ಆಕೆಯ ಕಾರಿನ ಮೂಲ ಭಾಗವಾಗಿರದೆ, ಗುಜರಿಗೆ ಹೋದ ಇನ್ನೊಂದು ಅಕಾರ್ಡಿನಿಂದ ಬಂದದ್ದಾಗಿತ್ತು.

ಅಮೆರಿಕದಲ್ಲಿ ಈ ಡಬ್ಬಿಗಳಿಂದ 28 ಮಂದಿ ಸತ್ತಿರುವುದನ್ನು ಎನ್‌ಎಚ್‌ಟಿಎಸ್‌ಎ ಖಚಿತಪಡಿಸಿದೆ; ಕನಿಷ್ಠ 400 ಮಂದಿ ಗಾಯಗೊಂಡಿದ್ದಾರೆಂಬ ಆರೋಪವಿದೆ. ಇದರ ನಡುವೆಯೇ 2015ರ ಡಿಸೆಂಬರ್‌ನಲ್ಲಿ ಬಂದ ಸಾರಿಗೆ ಕಾಯ್ದೆ ಪುಕ್ಕಟೆ ದುರಸ್ತಿಯ ವಯೋಮಿತಿಯನ್ನು ಹತ್ತರಿಂದ 15 ವರ್ಷಕ್ಕೆ ಏರಿಸಿತು. ರೀಕಾಲ್ ಬಾಕಿಯಿರುವ ಕಾರನ್ನು ಬಾಡಿಗೆ ಕಾರಿನ ಕಂಪನಿಗಳು ಗಿರಾಕಿಗೆ ಕೊಡಬಾರದೆಂದೂ ವಿಧಿಸಿತು.

ಆಸ್ಟ್ರೇಲಿಯಾ ಮತ್ತು ಫ್ರಾನ್ಸ್

ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. 2017ರ ಜುಲೈನಲ್ಲಿ ಸಿಡ್ನಿಯಲ್ಲಿ ಒಬ್ಬರು ಸತ್ತ ಬಳಿಕ, 2018ರ ಮಾರ್ಚ್‌ನಿಂದ ಸರ್ಕಾರ ರೀಕಾಲನ್ನು ಕಡ್ಡಾಯ ಮಾಡಿತು. ಆ ದೇಶದಲ್ಲಿ ಕಾರುಗಳಿಗೆ ಅಂಥ ಆದೇಶ ಅದೇ ಮೊದಲು. ಸುಮಾರು 30 ಲಕ್ಷ ವಾಹನಗಳ 40 ಲಕ್ಷ ಏರ್‌ಬ್ಯಾಗುಗಳನ್ನು 2020ರ ಡಿಸೆಂಬರ್ 31ರೊಳಗೆ ಬದಲಾಯಿಸಬೇಕಿತ್ತು. ಪತ್ರಕ್ಕೆ ಓಗೊಡದ ಮಾಲೀಕರ ಕಾರಿನ ನೋಂದಣಿಯನ್ನೇ ರಾಜ್ಯಗಳು ತಡೆಹಿಡಿದವು. ಗಡುವು ಮುಗಿದಾಗ ಶೇಕಡ 99.9ಕ್ಕೂ ಹೆಚ್ಚು ವಾಹನಗಳು ದುರಸ್ತಿಯಾಗಿದ್ದವು, ಇಲ್ಲವೇ ಗುಜರಿ ಸೇರಿ ಲೆಕ್ಕಕ್ಕೆ ಸಿಕ್ಕಿದ್ದವು.

ಯುರೋಪಿನಲ್ಲಿ ಈ ಕಥೆ ತಡವಾಗಿ ಬಿರುಸು ಪಡೆಯಿತು. ಫ್ರಾನ್ಸಿಗೆ ಸೇರಿದ, ಸೆಖೆ ಹೆಚ್ಚಿರುವ ಸಾಗರೋತ್ತರ ಪ್ರದೇಶಗಳಲ್ಲಿ ಮೊದಲು ಸಾವುಗಳಾದವು. 2025ರ ಜೂನ್‌ನಲ್ಲಿ ತಂಪು ಹವೆಯ ರೇಮ್ಸ್ ನಗರದಲ್ಲೂ ಸಿಟ್ರೊಯೆನ್ ಸಿ3 ಓಡಿಸುತ್ತಿದ್ದ ಮಹಿಳೆ ಸತ್ತರು. ಸೆಖೆಯಿಲ್ಲದ ಊರಿನಲ್ಲಿ ದೋಷ ಬಲಿಯಲು ಹೆಚ್ಚು ವರ್ಷ ಬೇಕಾಗುತ್ತದೆಯೇ ಹೊರತು ಅದು ಬಾರದೇ ಇರುವುದಿಲ್ಲ.

ಭಾರತದಲ್ಲಿ

ಭಾರತದಲ್ಲಿ ರೀಕಾಲ್‌ಗೆ ಆಗ ಕಾನೂನಿನ ಬಲವಿರಲಿಲ್ಲ. ವಾಹನ ತಯಾರಕರ ಸಂಘವಾದ ಸಿಯಾಮ್ 2012ರಲ್ಲಿ ರೂಪಿಸಿದ ಸ್ವಯಂಪ್ರೇರಿತ ಸಂಹಿತೆ ಮಾತ್ರ ಇತ್ತು. ಟಕಾಟಾ ಇನ್‌ಫ್ಲೇಟರ್‌ಗಳಿಗಾಗಿ ಹೊಂಡಾದ ಭಾರತೀಯ ಘಟಕ 2015ರ ಸೆಪ್ಟೆಂಬರ್‌ನಲ್ಲಿ 2,23,578, 2016ರ ಜುಲೈನಲ್ಲಿ 1,90,578, 2017ರ ಜನವರಿಯಲ್ಲಿ 41,580, 2018ರ ಜನವರಿಯಲ್ಲಿ 22,834 ಕಾರುಗಳನ್ನು ವಾಪಸ್ ಕರೆಸಿತು. ಇವುಗಳಲ್ಲಿ ಸಿಟಿ, ಜಾಝ್, ಸಿವಿಕ್, ಅಕಾರ್ಡ್ ಮಾದರಿಗಳಿದ್ದವು. ಬಿಡದಿಯಲ್ಲಿ ಕಾರ್ಖಾನೆಯಿರುವ ಟೊಯೊಟಾ ಕಿರ್ಲೋಸ್ಕರ್ 2017ರಲ್ಲಿ ಇದೇ ಕಾರಣಕ್ಕೆ ಸುಮಾರು 23,000 ಕೊರೊಲ್ಲಾ ಆಲ್ಟಿಸ್ ಕಾರುಗಳನ್ನು ಕರೆಸಿತು.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಎಂಬ ಹೊಸ ಕಲಮನ್ನು ಸೇರಿಸಿತು. ಪರಿಸರಕ್ಕೆ ಅಥವಾ ಚಾಲಕ, ಪ್ರಯಾಣಿಕರು, ದಾರಿಹೋಕರಿಗೆ ಹಾನಿಯಾಗುವಂಥ ದೋಷವಿದ್ದರೆ ರೀಕಾಲ್‌ಗೆ ಆದೇಶಿಸುವ ಅಧಿಕಾರ ಅದರಿಂದ ಕೇಂದ್ರ ಸರ್ಕಾರಕ್ಕೆ ಬಂತು. ತಯಾರಕರು ವಾಹನವನ್ನು ದುರಸ್ತಿ ಮಾಡಬೇಕು, ಬದಲಿಸಿಕೊಡಬೇಕು ಅಥವಾ ಹಣ ಹಿಂದಿರುಗಿಸಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಮಾಲೀಕರು ಪೋರ್ಟಲ್ ಮೂಲಕ ದೂರು ಸಲ್ಲಿಸಲು ಅವಕಾಶ ಕೊಟ್ಟವು. ವಾರ್ಷಿಕ ಮಾರಾಟಕ್ಕೆ ಹೋಲಿಸಿ ಎಷ್ಟು ದೂರು ಬಂದರೆ ವಿಚಾರಣೆ ನಡೆಯಬೇಕೆಂಬುದನ್ನು ಗೊತ್ತುಪಡಿಸಿ, ಆದೇಶಿತ ರೀಕಾಲ್‌ಗೆ 10 ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಿದವು.

ಆದರೆ ಈ ನಿಯಮಗಳು ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. 2009ರಲ್ಲಿ ಒಕ್ಲಹೋಮಾದಲ್ಲಿ ಸಾವಿಗೆ ಕಾರಣವಾದ ಕಾರಿಗೆ ಎಂಟು ವರ್ಷವಾಗಿತ್ತು. 2014ರಲ್ಲಿ ಆರ್ಲಾಂಡೊದಲ್ಲಿ ಸಿಡಿದದ್ದು 13 ವರ್ಷದ ಕಾರು. ಟಕಾಟಾ ಕಲಿಸಿದ ಮುಖ್ಯ ಪಾಠ ಕೆಲವು ದೋಷಗಳು ಬಲಿಯಲು ಹತ್ತು ವರ್ಷ ಬೇಕು ಎಂಬುದು. ಅಮೆರಿಕ ಅದನ್ನು ಕಲಿತು ಮಿತಿಯನ್ನು 15 ವರ್ಷಕ್ಕೆ ಏರಿಸಿತು, ಆಸ್ಟ್ರೇಲಿಯಾ ನೋಂದಣಿಯನ್ನೇ ತಡೆದು ಹಳೆಯ ಕಾರುಗಳನ್ನು ಗ್ಯಾರೇಜಿಗೆ ತಂದಿತು. ಸೆಖೆಯ ಕರಾವಳಿಯೂ ಹಳೆಯ ಕಾರುಗಳ ದೊಡ್ಡ ಮಾರುಕಟ್ಟೆಯೂ ಇರುವ ಭಾರತದಲ್ಲಿ ಏಳು ವರ್ಷದ ಮಿತಿ ಸಾಲದು. ಅದು ಬದಲಾಗುವವರೆಗೆ, ಹಳೆಯ ಕಾರು ಕೊಳ್ಳುವವರು ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲೋ ಅಧಿಕೃತ ಸರ್ವಿಸ್ ಸೆಂಟರಿನಲ್ಲೋ ಕೊಟ್ಟು, ಬಾಕಿ ರೀಕಾಲ್ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.